ಬರೋಲೋ ವೈನಿನ ಒಗರನ್ನು ಪಳಗಿಸುವ ಬಗೆ

ಬರೋಲೋವನ್ನು ಗ್ಲಾಸಿಗೆ ಸುರಿದಾಗ ಕಾಣುವ ಬಣ್ಣವನ್ನು ನಂಬಬೇಡಿ. ಗ್ಲಾಸಿನ ಹಿಂದೆ ಬೆರಳಿಟ್ಟರೆ ಕಾಣುವಷ್ಟು ತಿಳಿಯಾದ ಕೆಂಪು, ಅಂಚಿನಲ್ಲಿ ಇಟ್ಟಿಗೆಯ ಛಾಯೆ. ಹಗುರವಾದ ವೈನು ಎಂದುಕೊಂಡು ದೊಡ್ಡ ಗುಟುಕು ಹೀರಿದವರಿಗೆ ಮರುಕ್ಷಣವೇ ನಾಲಿಗೆ, ಒಸಡು, ಕೆನ್ನೆಯ ಒಳಭಾಗವೆಲ್ಲ ಒಣಗಿ ಬಿಗಿದುಕೊಳ್ಳುತ್ತದೆ. ಇಷ್ಟು ತೆಳುವಾದ ಬಣ್ಣ, ಇಷ್ಟು ಗಟ್ಟಿಯಾದ ಒಗರು ಎರಡೂ ಒಂದೇ ಬಾಟಲಿಯಲ್ಲಿ ಸಿಗುವುದು ಅಪರೂಪ. ಜೊತೆಗೆ ಹುಳಿಯೂ ಚುರುಕು. ಹಾಗಾಗಿ ಮೊದಲ ಬಾಟಲಿಯಲ್ಲೇ ಬೇಸರಪಟ್ಟು ಬರೋಲೋ ಸಹವಾಸವೇ ಬೇಡ ಎಂದವರು ಬಹಳ ಮಂದಿ. ಹೆಚ್ಚಿನ ಸಲ ತಪ್ಪು ವೈನಿನದ್ದಾಗಿರುವುದಿಲ್ಲ. ಬಾಟಲಿಯನ್ನು ತೀರಾ ಎಳೆಯದರಲ್ಲೇ ತೆರೆದಿರುತ್ತಾರೆ, ಇಲ್ಲವೇ ಗಾಳಿಯಾಡಿಸಿರುವುದಿಲ್ಲ, ಇಲ್ಲವೇ ತೀರಾ ತಣ್ಣಗೋ ಬೆಚ್ಚಗೋ ಕೊಟ್ಟಿರುತ್ತಾರೆ, ಅಥವಾ ಜೊತೆಗೆ ತಿನ್ನಲು ಏನೂ ಇಟ್ಟಿರುವುದಿಲ್ಲ. ವಯಸ್ಸು, ಗಾಳಿ, ಉಷ್ಣತೆ, ಊಟ ಈ ನಾಲ್ಕನ್ನು ಸರಿಹೊಂದಿಸಿದರೆ ಆ ಒಗರಿನ ಹಿಂದಿನಿಂದ ಗುಲಾಬಿ, ಒಣ ಚೆರ್ರಿ, ಜೇಷ್ಠಮಧು, ತಂಬಾಕು, ಟಾರಿನ ಘಮ ಒಂದೊಂದಾಗಿ ಹೊರಬರುತ್ತವೆ. ಬರೋಲೋದ ಹೆಸರು ನಿಂತಿರುವುದು ಆ ಪರಿಮಳದ ಮೇಲೆ.

ಒಗರು ಬರುವುದು ಎಲ್ಲಿಂದ

ಬರೋಲೋ ಪೂರ್ತಿ ನೆಬ್ಬಿಯೋಲೊ ಎಂಬ ಒಂದೇ ತಳಿಯ ದ್ರಾಕ್ಷಿಯಿಂದ ಆಗುತ್ತದೆ. ಬೇರೆ ತಳಿ ಬೆರೆಸಲು ನಿಯಮದಲ್ಲಿ ಜಾಗವಿಲ್ಲ. ವಾಯವ್ಯ ಇಟಲಿಯ ಪಿಯೆಮಾಂಟೆ ಪ್ರಾಂತ್ಯದಲ್ಲಿ, ಆಲ್ಬಾ ಪಟ್ಟಣದ ನೈಋತ್ಯಕ್ಕೆ ಹಬ್ಬಿರುವ ಲಾಂಗೆ ಗುಡ್ಡಗಳ 11 ಊರುಗಳಲ್ಲಿ ಬೆಳೆದ ದ್ರಾಕ್ಷಿಗೆ ಮಾತ್ರ ಈ ಹೆಸರು ಸಲ್ಲುತ್ತದೆ. ನೆಬ್ಬಿಯೋಲೊ ವಸಂತದಲ್ಲಿ ಬೇಗ ಚಿಗುರುತ್ತದೆ, ಆದರೆ ಹಣ್ಣಾಗುವುದು ತಡ. ಕೊಯ್ಲು ಸಾಮಾನ್ಯವಾಗಿ ಅಕ್ಟೋಬರ್‌ನಲ್ಲಿ, ಕಣಿವೆಗಳಲ್ಲಿ ಮಂಜು ಕವಿಯತೊಡಗಿದ ಮೇಲೆ. ಇಷ್ಟು ದೀರ್ಘ ಕಾಲ ಬಿಸಿಲು ಉಣ್ಣಬೇಕಾದ್ದರಿಂದ ಸಮುದ್ರಮಟ್ಟದಿಂದ 170ರಿಂದ 540 ಮೀಟರ್ ಎತ್ತರದೊಳಗಿನ, ಹೆಚ್ಚಾಗಿ ದಕ್ಷಿಣಕ್ಕೂ ನೈಋತ್ಯಕ್ಕೂ ಮುಖ ಮಾಡಿದ ಇಳಿಜಾರುಗಳಲ್ಲಿ ಇದನ್ನು ನೆಡುತ್ತಾರೆ.

ಈ ಹಣ್ಣಿನ ಸಿಪ್ಪೆಯಲ್ಲಿರುವ ಬಣ್ಣದ ಅಂಶಗಳು ಬೇಗ ಉತ್ಕರ್ಷಣಗೊಳ್ಳುವ ಜಾತಿಯವು, ಗಾಳಿ ತಾಗಿದರೆ ಬಹಳ ಕಾಲ ನಿಲ್ಲುವುದಿಲ್ಲ. ಆದರೆ ಸಿಪ್ಪೆಯಲ್ಲೂ ಬೀಜದಲ್ಲೂ ಟ್ಯಾನಿನ್ ಮಾತ್ರ ಧಾರಾಳ. ಒಗರಿಗೆ ಕಾರಣ ಇದೇ ಟ್ಯಾನಿನ್. ಅದು ನಮ್ಮ ಜೊಲ್ಲಿನ ಪ್ರೋಟೀನಿಗೆ ಅಂಟಿಕೊಂಡು ಬಾಯಿಯ ಜಾರುಗುಣವನ್ನು ಕಳೆಯುತ್ತದೆ. ಬಾಯಿ ಒಣಗಿದಂತೆ ಅನಿಸುವುದು ಅದಕ್ಕೇ. ಈ ಒಂದು ಸಂಗತಿಯನ್ನು ನೆನಪಿಟ್ಟುಕೊಳ್ಳಿ, ಊಟದ ವಿಚಾರಕ್ಕೆ ಬಂದಾಗ ಬೇಕಾಗುತ್ತದೆ.

ಹಳೆಯ ಪದ್ಧತಿಯಲ್ಲಿ ರಸವನ್ನು ಸಿಪ್ಪೆ, ಬೀಜಗಳ ಜೊತೆ 30ರಿಂದ 60 ದಿನ ನೆನೆಯಲು ಬಿಟ್ಟು, ಆಮೇಲೆ ಕ್ರೊಯೇಷಿಯಾದ ಸ್ಲಾವೋನಿಯಾ ಪ್ರದೇಶದ ಓಕ್ ಮರದಿಂದ ಮಾಡಿದ ಸಾವಿರಾರು ಲೀಟರ್ ಹಿಡಿಯುವ ದೊಡ್ಡ ಪೀಪಾಯಿಗಳಲ್ಲಿ ವರ್ಷಗಟ್ಟಲೆ ಇಡುತ್ತಿದ್ದರು. 1980ರ ದಶಕದಲ್ಲಿ ಹೊಸ ತಲೆಮಾರಿನವರು ನೆನೆಸುವ ಕಾಲವನ್ನು ಕೆಲವೇ ದಿನಗಳಿಗೆ ಇಳಿಸಿ, 225 ಲೀಟರಿನ ಹೊಸ ಫ್ರೆಂಚ್ ಓಕ್ ಪೀಪಾಯಿಗಳನ್ನು ತಂದರು. ವೈನು ಬೇಗ ಮೃದುವಾಯಿತು, ಆದರೆ ವೆನಿಲ್ಲಾ ಮತ್ತು ಸುಟ್ಟ ಮರದ ವಾಸನೆ ನೆಬ್ಬಿಯೋಲೊದ ನವಿರಾದ ಪರಿಮಳದ ಮೇಲೆ ಕುಳಿತುಬಿಟ್ಟಿತು. ಹೊಸ ತಲೆಮಾರಿನ ತಯಾರಕ ಎಲಿಯೊ ಅಲ್ತಾರೆ ತಮ್ಮ ತಂದೆಯ ಹಳೆಯ ಪೀಪಾಯಿಗಳನ್ನು ಗರಗಸದಿಂದ ಕೊಯ್ದುಹಾಕಿದ್ದು, ಅತ್ತ ಹಳೆಯ ಪದ್ಧತಿಯ ತಯಾರಕ ಬಾರ್ತೊಲೊ ಮಸ್ಕರೆಲ್ಲೊ ಸಣ್ಣ ಪೀಪಾಯಿ ಬೇಡವೆಂದು ಲೇಬಲ್ಲಿನ ಮೇಲೆಯೇ ಬರೆದದ್ದು, ಎರಡೂ ಆ ಜಗಳದ ಕಾಲದ ಘಟನೆಗಳು. ಈಗ ಬಹುಪಾಲು ಮಂದಿ ನಡುವಿನ ದಾರಿ ಹಿಡಿದಿದ್ದಾರೆ, ದೊಡ್ಡ ಪೀಪಾಯಿ ಮತ್ತೆ ಮೇಲುಗೈ ಪಡೆದಿದೆ. ಅದು ಒಳ್ಳೆಯದೇ ಆಯಿತು: ನೆಬ್ಬಿಯೋಲೊಗೆ ತನ್ನದೇ ಟ್ಯಾನಿನ್ ಸಾಕು, ಮರದಿಂದ ಇನ್ನಷ್ಟು ಎರವಲು ತರಬೇಕಿಲ್ಲ.

ಲೇಬಲ್ ಓದುವುದು

ಮೊದಲು ಬಾಟಲಿಯ ಕುತ್ತಿಗೆ ನೋಡಿ. ಸಂಖ್ಯೆ ಮುದ್ರಿಸಿದ ಸರ್ಕಾರಿ ಕಾಗದದ ಪಟ್ಟಿ ಅಂಟಿಸಿರಬೇಕು. ಬರೋಲೋಗೆ 1966ರಲ್ಲಿ ಡಿ.ಒ.ಸಿ. (ವೈನಿನ ಮೂಲ ಪ್ರದೇಶವನ್ನು, ತಯಾರಿಕೆಯ ನಿಯಮವನ್ನು ಗೊತ್ತುಪಡಿಸುವ ಇಟಲಿಯ ಕಾನೂನು) ಮಾನ್ಯತೆ, 1980ರಲ್ಲಿ ಅದಕ್ಕಿಂತ ಮೇಲಿನ ಡಿ.ಒ.ಸಿ.ಜಿ. ಮಾನ್ಯತೆ ಸಿಕ್ಕಿತು, ಆ ಪಟ್ಟಿ ಅದರ ಗುರುತು. ಪಟ್ಟಿ ಇದ್ದರೆ ವೈನು ನಿಯಮ ಪಾಲಿಸಿದೆ ಎಂದಷ್ಟೇ ಅರ್ಥ, ರುಚಿಗೆ ಅದು ಜಾಮೀನಲ್ಲ.

ಆಮೇಲೆ ಇಸವಿ. ಅದು ಕೊಯ್ಲಿನ ವರ್ಷ. ಆ ವರ್ಷದ ನವೆಂಬರ್ 1ರಿಂದ ಎಣಿಸಿ ಕನಿಷ್ಠ 38 ತಿಂಗಳು ವೈನು ಮಾಗಬೇಕು, ಅದರಲ್ಲಿ 18 ತಿಂಗಳು ಮರದ ಪೀಪಾಯಿಯಲ್ಲಿ. ಅಂದರೆ 2020ರ ಬರೋಲೋ ಮಾರಾಟಕ್ಕೆ ಬರಬಹುದಾದದ್ದು 2024ರ ಜನವರಿ 1ರಿಂದ. ‘ರಿಸೆರ್ವಾ’ ಎಂದಿದ್ದರೆ 62 ತಿಂಗಳು. ರಿಸೆರ್ವಾ ಎಂಬುದು ಮೊದಲು ಕಾಲದ ಲೆಕ್ಕ. ಒಳ್ಳೆಯ ತಯಾರಕರು ತಮ್ಮ ಅತ್ಯುತ್ತಮ ಪೀಪಾಯಿಗಳನ್ನು ಇದಕ್ಕೆ ಮೀಸಲಿಡುತ್ತಾರೆ ನಿಜ, ಆದರೆ ಸಾಧಾರಣ ವೈನನ್ನು ಎರಡು ವರ್ಷ ಹೆಚ್ಚು ಇಟ್ಟ ಮಾತ್ರಕ್ಕೆ ಅದು ಉತ್ತಮವಾಗದು.

ಇಸವಿ, ‘ಬರೋಲೋ’ ಎಂಬ ಹೆಸರಿನ ಜೊತೆ ಕಾನ್ನೂಬಿ, ಬ್ರುನಾತೆ, ಬುಸ್ಸಿಯಾ, ಮೊನ್‌ವಿಲ್ಯೇರೊ, ವಿನ್ಯಾ ರಿಯೊಂದಾ ಇಂಥ ಇನ್ನೊಂದು ಹೆಸರು ಕಂಡರೆ ಅದು ತೋಟದ ಪ್ರದೇಶದ ಹೆಸರು. 2010ರ ಕೊಯ್ಲಿನಿಂದ ಇಂಥ ಗಡಿಗಳನ್ನು ಅಧಿಕೃತವಾಗಿ ಗುರುತಿಸಿದ್ದಾರೆ. ಊರಿನ ಹೆಸರು 11, ತೋಟದ ಪ್ರದೇಶಗಳು 170, ಒಟ್ಟು 181. ಇವೆಲ್ಲ ಸಮಾನವೆಂದು ತಿಳಿಯಬೇಡಿ. ಮೊನ್‌ಫೋರ್ತೆ ದಾಲ್ಬಾದ ಬುಸ್ಸಿಯಾ ಸುಮಾರು 300 ಹೆಕ್ಟೇರಿನಷ್ಟು ದೊಡ್ಡದು. ಅದರೊಳಗೇ ಮಣ್ಣು, ಎತ್ತರ, ಬಿಸಿಲು ಎಲ್ಲ ಬೇರೆಯಾಗುತ್ತವೆ. ಕಾಸ್ತಿಲ್ಯೋನೆ ಫಲ್ಲೆತ್ತೊದ ಬ್ರಿಕ್ಕೊ ರೊಕ್ಕೆ ಎರಡು ಹೆಕ್ಟೇರಿಗೂ ಕಡಿಮೆ. ಈ ಪಟ್ಟಿಯಲ್ಲಿ ಮೇಲು-ಕೀಳಿನ ದರ್ಜೆ ಇಲ್ಲ, ಹಾಗಾಗಿ ಹೆಸರು ಇದೆಯೆಂದು ಹೆಚ್ಚು ದುಡ್ಡು ಕೊಡುವ ಮುನ್ನ ತಯಾರಕರು ಯಾರೆಂದು ನೋಡಿ. ಹಲವು ತೋಟಗಳ ಹಣ್ಣು ಬೆರೆಸಿ ಬರೀ ‘ಬರೋಲೋ’ ಎಂದು ಬಿಡುವುದು ಇಲ್ಲಿನ ಹಳೆಯ ಪದ್ಧತಿ. ಬಾರ್ತೊಲೊ ಮಸ್ಕರೆಲ್ಲೊ ಮನೆಯ ವೈನು ಇವತ್ತಿಗೂ ಹಾಗೇ ಬರುತ್ತದೆ, ಅದನ್ನು ಯಾರೂ ಕಡಿಮೆಯದೆಂದು ಎಣಿಸುವುದಿಲ್ಲ.

ಊರಿನ ಸ್ವಭಾವ ತಿಳಿದಿದ್ದರೆ ಆಯ್ಕೆ ಸುಲಭ. ಲಾ ಮೊರ್ರಾ ಮತ್ತು ಬರೋಲೋ ಊರಿನ ಸುತ್ತ ನೀಲಿ-ಬೂದು ಬಣ್ಣದ ಸುಣ್ಣಮಿಶ್ರಿತ ಜೇಡಿ ಹೆಚ್ಚು. ಅಲ್ಲಿನ ವೈನಿನಲ್ಲಿ ಪರಿಮಳ ಮುಂದೆ, ಒಗರು ತುಸು ನಯ. ಬೇಗ ಕುಡಿಯಲು ಬರುತ್ತದೆ. ಸೆರ್ರಾಲುಂಗಾ ದಾಲ್ಬಾ ಮತ್ತು ಮೊನ್‌ಫೋರ್ತೆ ಕಡೆ ಮಣ್ಣು ಇನ್ನೂ ಹಳೆಯದು, ಮರಳುಗಲ್ಲಿನ ಪದರಗಳು ಸೇರಿರುತ್ತವೆ. ಅಲ್ಲಿಯದು ಬಿಗಿಯಾದ, ನಿಧಾನಕ್ಕೆ ಮಾಗುವ ವೈನು. ಕಾಸ್ತಿಲ್ಯೋನೆ ಫಲ್ಲೆತ್ತೊ ಎರಡರ ನಡುವೆ ಕೂತಿದೆ, ರುಚಿಯಲ್ಲೂ ಹಾಗೆಯೇ. ಉತ್ತರದ ವೆರ್ದೂನೊದ್ದು ಹಗುರ, ಮಸಾಲೆಯ ಘಮದ್ದು. ಮೊದಲ ಸಲ ಕೊಳ್ಳುವವರು ಲಾ ಮೊರ್ರಾ ಅಥವಾ ವೆರ್ದೂನೊದಿಂದ ಆರಂಭಿಸುವುದು ಒಳ್ಳೆಯದು. ಸೆರ್ರಾಲುಂಗಾದ ಐದು ವರ್ಷದ ಬಾಟಲಿಯಿಂದ ಆರಂಭಿಸಿದರೆ ಬರೋಲೋವೆಂದರೆ ಬರೀ ಒಗರು ಎಂಬ ಅಭಿಪ್ರಾಯವೇ ಉಳಿಯುವ ಸಾಧ್ಯತೆ ಹೆಚ್ಚು.

ಬೆಲೆಯ ಬಗ್ಗೆ ಒಂದು ಮಾತು. ಹೆಕ್ಟೇರಿಗೆ ಗರಿಷ್ಠ 8 ಟನ್ ಹಣ್ಣು, ಕಡಿದಾದ ಇಳಿಜಾರಿನಲ್ಲಿ ಕೈಯಿಂದ ಮಾಡುವ ಕೆಲಸ, ಮೂರು ವರ್ಷ ಮೀರಿದ ಕಾಯುವಿಕೆ ಇಷ್ಟೆಲ್ಲ ಇರುವಾಗ ಇಟಲಿಯ ಸೂಪರ್‌ಮಾರ್ಕೆಟ್‌ಗಳಲ್ಲಿ 20 ಯೂರೋಗೂ ಕಡಿಮೆಗೆ ಸಿಗುವ ಬರೋಲೋ ಹೆಸರಿಗೆ ಮಾತ್ರ ಬರೋಲೋ ಆಗಿರುತ್ತದೆ. ಆ ದುಡ್ಡಿಗೆ ಒಳ್ಳೆಯ ಬರೋಲೋ ತಯಾರಕರ ‘ಲಾಂಗೆ ನೆಬ್ಬಿಯೋಲೊ’ ಕೊಳ್ಳಿ. ಅದೇ ತಳಿ, ಎಷ್ಟೋ ಸಲ ಅದೇ ತೋಟದ ಎಳೆಯ ಬಳ್ಳಿಗಳ ಹಣ್ಣು. ಮರದಲ್ಲಿ ಇಷ್ಟು ಕಾಲ ಇಡಲೇಬೇಕೆಂಬ ನಿಯಮ ಅದಕ್ಕಿಲ್ಲ, ಎರಡರಿಂದ ಐದು ವರ್ಷದೊಳಗೆ ಕುಡಿಯಲು ಸಿದ್ಧ. ನಾಲಿಗೆಯನ್ನು ಪಳಗಿಸಿಕೊಳ್ಳಲು ಇದಕ್ಕಿಂತ ಒಳ್ಳೆಯ ದಾರಿ ಇಲ್ಲ.

ಯಾವಾಗ ತೆರೆಯಬೇಕು

ವಯಸ್ಸಾದಂತೆ ಟ್ಯಾನಿನ್ ಕಣಗಳು ಒಂದಕ್ಕೊಂದು, ಬಣ್ಣದ ಕಣಗಳಿಗೂ ಕೂಡಿಕೊಂಡು ಬದಲಾಗುತ್ತ ಹೋಗುತ್ತವೆ, ಒಂದಷ್ಟು ಗಸಿಯಾಗಿ ತಳಕ್ಕೆ ಇಳಿಯುತ್ತದೆ. ಬಾಯಿಯಲ್ಲಿ ಒಗರು ಮೃದುವಾಗುವುದು ಹೀಗೆ. ಒಳ್ಳೆಯ ಬರೋಲೋ ಕೊಯ್ಲಾಗಿ 10ರಿಂದ 20 ವರ್ಷದ ನಡುವೆ ಅರಳುತ್ತದೆ. ಶ್ರೇಷ್ಠ ವರ್ಷದ್ದು, ಶ್ರೇಷ್ಠ ತೋಟದ್ದು 30 ವರ್ಷ ದಾಟಿಯೂ ಗಟ್ಟಿಯಾಗಿರುತ್ತದೆ. ಮಾರುಕಟ್ಟೆಗೆ ಬಂದ ಹೊಸತರಲ್ಲಿ ಹಣ್ಣಿನ ರುಚಿ ಒಗರನ್ನು ತುಸು ಮುಚ್ಚಿರುತ್ತದೆ. ಆಮೇಲೆ ಕೆಲವು ವರ್ಷ ವೈನು ಒಳಗೆ ಮುದುಡಿಕೊಳ್ಳುತ್ತದೆ: ಹಣ್ಣು ಹಿಂದೆ ಸರಿದಿರುತ್ತದೆ, ಮಾಗಿದ ಘಮ ಇನ್ನೂ ಬಂದಿರುವುದಿಲ್ಲ. ಆರರಿಂದ ಒಂಬತ್ತು ವರ್ಷದ ಬಾಟಲಿ ಪೆಚ್ಚೆನಿಸಿದರೆ ಗಾಬರಿಯಾಗಬೇಡಿ, ಅದರ ಜೊತೆ ಕೊಂಡ ಉಳಿದವನ್ನು ಮುಟ್ಟದೆ ಬಿಡಿ.

ವರ್ಷದ ಹವೆ ಈ ಲೆಕ್ಕವನ್ನು ಬದಲಿಸುತ್ತದೆ. 2010, 2013, 2016, 2019, 2021 ಬಿಗಿಯಾದ, ಕಾಯಬೇಕಾದ ವರ್ಷಗಳು. 2016ರದ್ದನ್ನು ಈಗ ತೆರೆದರೆ ಚೆನ್ನಾಗಿಯೇ ಇರುತ್ತದೆ, ಆದರೆ ಇನ್ನೂ ಬಹಳ ಉಳಿದಿದೆ. 2014 ಮಳೆ ಹೆಚ್ಚಾದ ವರ್ಷ, ವೈನು ತೆಳು. 2017 ಬಿಸಿಲು, ಬರದ ವರ್ಷ. ಹಣ್ಣು ಬೇಗ ಮಾಗಿತು, ಕೆಲವದರಲ್ಲಿ ಒಗರು ಒರಟು. 2018 ಮತ್ತು 2020 ಬೇಗ ಕುಡಿಯಲು ಬರುವಂಥವು. ಹೋಟೆಲಿನಲ್ಲಿ ಎಳೆಯ ಬಾಟಲಿಗಳು ಮಾತ್ರ ಇದ್ದರೆ ಹೆಸರುವಾಸಿ ವರ್ಷವನ್ನು ಬಿಟ್ಟು ಈ ಮೃದು ವರ್ಷಗಳನ್ನೇ ಕೇಳಿ. ವಿಮರ್ಶಕರಿಂದ ಹೆಚ್ಚು ಅಂಕ ಬಂದ ವರ್ಷವೆಂದರೆ ಸಾಮಾನ್ಯವಾಗಿ ಹೆಚ್ಚು ಕಾಯಬೇಕಾದ ವರ್ಷ ಕೂಡ ಹೌದು.

ಇಡುವುದಾದರೆ 12ರಿಂದ 14 ಡಿಗ್ರಿ ಸೆಲ್ಸಿಯಸ್, ಕತ್ತಲೆ, ಅಲುಗಾಟವಿಲ್ಲದ ಜಾಗ, ಬಾಟಲಿ ಅಡ್ಡಲಾಗಿ. ಕಾರ್ಕಿಗೆ ವೈನು ತಾಗುತ್ತಿದ್ದರೆ ಅದು ಒಣಗಿ ಕುಗ್ಗುವುದಿಲ್ಲ. ಶೇಕಡಾ 70ರ ಆಸುಪಾಸಿನ ತೇವಾಂಶ ಇದ್ದರೆ ಒಳ್ಳೆಯದು. ದಿನಕ್ಕೊಮ್ಮೆ ಏರಿಳಿಯುವ ಉಷ್ಣತೆ ಒಂದೇ ಸಮನಾದ 16 ಡಿಗ್ರಿಗಿಂತ ಕೆಟ್ಟದ್ದು, ಏಕೆಂದರೆ ವೈನು ಹಿಗ್ಗಿ ಕುಗ್ಗಿ ಕಾರ್ಕಿನ ಪಕ್ಕದಿಂದ ಗಾಳಿಯನ್ನು ಒಳಗೆಳೆಯುತ್ತದೆ. ಅಡುಗೆಮನೆಯ ಫ್ರಿಜ್ ವಾರ ಎರಡು ವಾರಕ್ಕೆ ಸರಿ, ವರ್ಷಗಳಿಗೆ ಅಲ್ಲ. ಅದರ ಒಣ ಗಾಳಿ ಕಾರ್ಕನ್ನು ಹಾಳುಮಾಡುತ್ತದೆ. ಇಂಥ ಜಾಗ ನಿಮ್ಮಲ್ಲಿ ಇಲ್ಲವೆಂದಾದರೆ ಎಳೆಯ ಬಾಟಲಿ ಕೊಂಡು ಹತ್ತು ವರ್ಷ ಇಡುವ ಯೋಚನೆ ಬಿಟ್ಟು, ಸರಿಯಾಗಿ ಇಟ್ಟಿರುವವರಿಂದ ಮಾಗಿದ ಬಾಟಲಿಯನ್ನೇ ಕೊಳ್ಳಿ.

ಬಾಟಲಿ ತೆರೆಯುವುದು

ಹತ್ತು ವರ್ಷಕ್ಕಿಂತ ಹಳೆಯದಾದರೆ ಕೆಲಸ ಹಿಂದಿನ ದಿನವೇ ಶುರುವಾಗುತ್ತದೆ. ಬರೋಲೋದ ಗಸಿ ಬಹಳ ನಯ, ಹಿಟ್ಟಿನ ಧೂಳಿನಷ್ಟು. ಒಮ್ಮೆ ಕದಡಿದರೆ ಬೇಗ ಕೂರುವುದಿಲ್ಲ, ಗ್ಲಾಸಿಗೆ ಬಂದರೆ ಕಹಿ ಮತ್ತು ಮಣ್ಣಿನ ರುಚಿ.

1. ಕನಿಷ್ಠ 24 ಗಂಟೆ, 25 ವರ್ಷ ಮೀರಿದ್ದಾದರೆ ಎರಡು ಮೂರು ದಿನ ಬಾಟಲಿಯನ್ನು ನೆಟ್ಟಗೆ ನಿಲ್ಲಿಸಿ. ಆಮೇಲೆ ಎತ್ತುವಾಗ, ಒಯ್ಯುವಾಗ ಅಲುಗಿಸಬೇಡಿ.

2. ಬಾಯಿಯ ಹೊದಿಕೆಯನ್ನು ಕೆಳಗಿನ ಉಬ್ಬಿನ ಅಡಿಯಿಂದ ಕೊಯ್ದು ತೆಗೆಯಿರಿ. ಕಾರ್ಕಿನ ತುದಿಯಲ್ಲಿ ಕಪ್ಪು ಬೂಷ್ಟು ಕಂಡರೆ ಒದ್ದೆ ಬಟ್ಟೆಯಿಂದ ಒರೆಸಿ; ತೇವವಾದ ನೆಲಮಾಳಿಗೆಯಲ್ಲಿ ಇಟ್ಟದ್ದಕ್ಕೆ ಅದು ಸಹಜ, ಒಳಗಿನ ವೈನಿಗೆ ತೊಂದರೆಯಿಲ್ಲ.

3. ಕಾರ್ಕ್‌ಸ್ಕ್ರೂವನ್ನು ನಡುಮಧ್ಯಕ್ಕೆ ನೇರವಾಗಿ ಇಳಿಸಿ. ಬರೋಲೋ ಕಾರ್ಕುಗಳು ಉದ್ದ, ಹಾಗಾಗಿ ಗಿಡ್ಡ ಸುರುಳಿ ಅರ್ಧಕ್ಕೆ ನಿಂತು ಕಾರ್ಕು ಮುರಿಯುತ್ತದೆ. 20 ವರ್ಷ ದಾಟಿದ ಬಾಟಲಿಗೆ ಎರಡು ತೆಳು ಅಲಗುಗಳ ಹಿಡಿಕೆಯೇ ಸುರಕ್ಷಿತ: ಅಲಗುಗಳನ್ನು ಕಾರ್ಕು ಮತ್ತು ಗಾಜಿನ ನಡುವೆ ಅತ್ತಿತ್ತ ಆಡಿಸುತ್ತ ಇಳಿಸಿ, ತಿರುಗಿಸುತ್ತ ಮೇಲೆಳೆಯಿರಿ.

4. ಕಾರ್ಕು ಪುಡಿಯಾಗಿ ಒಳಗೆ ಬಿದ್ದರೆ ಸಣ್ಣ ಕಣ್ಣಿನ ಸ್ಟೀಲ್ ಜರಡಿಯಲ್ಲಿ ಸೋಸಿ. ಕಾಫಿ ಸೋಸುವ ಕಾಗದ ಬಳಸಬೇಡಿ, ಕಾಗದದ ವಾಸನೆ ವೈನಿಗೆ ಹತ್ತುತ್ತದೆ.

5. ಕೂಡಲೇ ಎರಡು ಚಮಚದಷ್ಟು ಸುರಿದು ಮೂಸಿ, ರುಚಿ ನೋಡಿ. ಎಷ್ಟು ಗಾಳಿ ಬೇಕು ಎಂಬುದನ್ನು ನಿರ್ಧರಿಸುವುದು ಈ ಮೊದಲ ಗುಟುಕು, ಲೇಬಲ್ಲಿನ ಇಸವಿಯಲ್ಲ.

ಗಾಳಿ

ಎಲ್ಲಕ್ಕಿಂತ ಹೆಚ್ಚು ಗೊಂದಲ ಇರುವುದು ಇಲ್ಲಿ. ಕಾರ್ಕು ತೆಗೆದು ಬಾಟಲಿಯನ್ನು ಅರ್ಧ ಗಂಟೆ ಹಾಗೇ ಇಟ್ಟರೆ ‘ಉಸಿರಾಡುತ್ತದೆ’ ಎಂದು ನಂಬಿದವರು ಬಹಳ. ಬಾಟಲಿಯ ಕುತ್ತಿಗೆಯಲ್ಲಿ ಗಾಳಿ ತಾಗುವ ಜಾಗ ನಾಣ್ಯದಷ್ಟು ಅಗಲ ಮಾತ್ರ. ಎಳೆಯ ಬರೋಲೋಗೆ ಅರ್ಧ ಗಂಟೆಯಲ್ಲಿ ಅದರಿಂದ ಏನೂ ಆಗದು.

ಹತ್ತು ವರ್ಷದೊಳಗಿನದನ್ನು ತಳ ಅಗಲವಾದ ಡಿಕ್ಯಾಂಟರಿಗೆ, ಅಂದರೆ ವೈನು ಸುರಿದಿಡುವ ಗಾಜಿನ ಹೂಜಿಗೆ, ಧಾರೆಯಾಗಿ ಸುರಿದು ಎರಡರಿಂದ ನಾಲ್ಕು ಗಂಟೆ ಬಿಡಿ. ಸೆರ್ರಾಲುಂಗಾದ್ದು, ಬಿಗಿ ವರ್ಷದ್ದು ಆದರೆ ನಾಲ್ಕರ ಕಡೆಗೆ. ಲಾ ಮೊರ್ರಾದ್ದು, ಮೃದು ವರ್ಷದ್ದು ಆದರೆ ಎರಡರ ಕಡೆಗೆ. ಗಾಳಿಯಿಂದ ಟ್ಯಾನಿನ್ ಕರಗಿಹೋಗುವುದಿಲ್ಲ. ಮುದುಡಿದ್ದ ಪರಿಮಳ ಬಿಚ್ಚಿಕೊಳ್ಳುತ್ತದೆ, ಆಗ ಒಗರು ಒಂಟಿಯಾಗಿ ಎದ್ದು ಕಾಣುವುದಿಲ್ಲ. ಪ್ರತಿ ಗಂಟೆಗೊಮ್ಮೆ ಒಂದು ಗುಟುಕು ನೋಡುತ್ತಿರಿ. ಮೊದಲು ಚೆರ್ರಿ, ಆಮೇಲೆ ಗುಲಾಬಿ, ಆಮೇಲೆ ಕಿತ್ತಳೆ ಸಿಪ್ಪೆ ಮತ್ತು ಜೇಷ್ಠಮಧು ಹೀಗೆ ಏರುತ್ತ ಹೋಗುತ್ತಿದ್ದರೆ ಇನ್ನೂ ಬಿಡಬಹುದು.

ಹತ್ತರಿಂದ ಇಪ್ಪತ್ತು ವರ್ಷದ್ದಕ್ಕೆ ಒಂದೆರಡು ಗಂಟೆ ಸಾಕು. ಇಲ್ಲಿ ಡಿಕ್ಯಾಂಟರಿನ ಮೊದಲ ಕೆಲಸ ಗಸಿಯನ್ನು ಬೇರ್ಪಡಿಸುವುದು. ಕುತ್ತಿಗೆಯ ಹಿಂದೆ ಮೇಣದ ಬತ್ತಿ ಅಥವಾ ಸಣ್ಣ ಟಾರ್ಚ್ ಇಟ್ಟು, ನಡುವೆ ನಿಲ್ಲಿಸದೆ ಒಂದೇ ಓಟದಲ್ಲಿ ನಿಧಾನವಾಗಿ ಸುರಿಯಿರಿ. ಹೊಗೆಯಂಥ ಎಳೆ ಕುತ್ತಿಗೆಗೆ ಬಂದ ಕೂಡಲೇ ನಿಲ್ಲಿಸಿ. ನಡುವೆ ಬಾಟಲಿಯನ್ನು ನೆಟ್ಟಗೆ ಮಾಡಿ ಮತ್ತೆ ಬಗ್ಗಿಸಿದರೆ ಗಸಿಯೆಲ್ಲ ಎದ್ದು ಹಿಂದಿನ ದಿನದ ಕಾಯುವಿಕೆ ವ್ಯರ್ಥವಾಗುತ್ತದೆ. ತಳದಲ್ಲಿ 30ರಿಂದ 50 ಮಿ.ಲೀ. ಉಳಿಯುವುದು ಸಾಮಾನ್ಯ. ಅದನ್ನು ಸಾರಿಗೆ ಹಾಕಲು ಇಟ್ಟುಕೊಳ್ಳಬಹುದು, ಗ್ಲಾಸಿಗಂತೂ ಬೇಡ.

25 ವರ್ಷ ಮೀರಿದ ಬಾಟಲಿಯನ್ನು ಅಗಲ ಡಿಕ್ಯಾಂಟರಿಗೆ ಸುರಿಯುವುದು ಅಪಾಯ. ಅದರ ಘಮ ಅರ್ಧ ಗಂಟೆಯಲ್ಲಿ ಹಾರಿಹೋಗಬಹುದು. ಊಟಕ್ಕೆ ಮೂರು ನಾಲ್ಕು ಗಂಟೆ ಮೊದಲು ಕಾರ್ಕು ತೆಗೆದು, ಒಂದು ಸಣ್ಣ ಗ್ಲಾಸಿನಷ್ಟು ಹೊರತೆಗೆದು ಮಟ್ಟವನ್ನು ಬಾಟಲಿಯ ಭುಜಕ್ಕೆ ಇಳಿಸಿ, ತಂಪಾದ ಜಾಗದಲ್ಲಿ ಹಾಗೇ ನಿಲ್ಲಿಸಿ. ವೈನಿಗೂ ಗಾಳಿಗೂ ತಾಗುವ ಜಾಗ ಭುಜದಲ್ಲಿ ಕುತ್ತಿಗೆಗಿಂತ ಅಗಲ. ಇಷ್ಟು ಗಂಟೆಗಳ ಕಾಲ ಆ ಮೆಲ್ಲನೆಯ ಗಾಳಿ ಹಳೆಯ ವೈನಿಗೆ ಹದ. ತೆರೆದ ಕೂಡಲೇ ಮುಗ್ಗಲು ವಾಸನೆ ಬಂದರೂ ಚೆಲ್ಲಬೇಡಿ. ದಶಕಗಳ ಕಾಲ ಮುಚ್ಚಿದ್ದ ವೈನಿನಲ್ಲಿ ಅದು ಸಾಮಾನ್ಯ, ಗಂಟೆಯೊಳಗೆ ಹೋಗುತ್ತದೆ.

ಉಷ್ಣತೆ ಮತ್ತು ಗ್ಲಾಸು

16ರಿಂದ 18 ಡಿಗ್ರಿ. 14ರ ಕೆಳಗೆ ಒಗರು, ಕಹಿ ಎದ್ದು ಕಾಣುತ್ತವೆ, ಪರಿಮಳ ಮೇಲೇಳುವುದೇ ಇಲ್ಲ. 20 ದಾಟಿದರೆ ಆಲ್ಕೊಹಾಲ್ ಮೂಗಿಗೆ ಚುಚ್ಚುತ್ತದೆ. ಬರೋಲೋದಲ್ಲಿ ಆಲ್ಕೊಹಾಲ್ ಕನಿಷ್ಠ ಶೇಕಡಾ 13 ಇರಬೇಕೆಂಬುದು ನಿಯಮ, ಈಗಿನವು ಬಹುತೇಕ 14ರಿಂದ 15ರೊಳಗೆ ಇರುತ್ತವೆ. ‘ಕೋಣೆಯ ಉಷ್ಣತೆಯಲ್ಲಿ ಕೊಡಿ’ ಎಂಬ ಹಳೆಯ ಸಲಹೆ ಹೀಟರ್ ಇಲ್ಲದ ಕಾಲದ ಕಲ್ಲಿನ ಮನೆಗಳದ್ದು. ಕೋಣೆ 25 ಡಿಗ್ರಿ ಇದ್ದರೆ ಬಾಟಲಿಯನ್ನು 30ರಿಂದ 40 ನಿಮಿಷ ಫ್ರಿಜ್ಜಿನಲ್ಲಿಡಿ. ತುಸು ತಣ್ಣಗೇ ಸುರಿಯುವುದು ಜಾಣತನ, ಗ್ಲಾಸಿನಲ್ಲಿ ಅದು ತಾನಾಗಿ ಏರುತ್ತದೆ. ಬೆಚ್ಚಗಾದ ವೈನನ್ನು ಮೇಜಿನ ಮೇಲೆ ಇಳಿಸುವುದು ಕಷ್ಟ.

ಗ್ಲಾಸು ಹೊಟ್ಟೆ ಅಗಲವಾಗಿದ್ದು ಬಾಯಿ ಕಿರಿದಾದದ್ದು, 600 ಮಿ.ಲೀ.ಗಿಂತ ದೊಡ್ಡದು. ಸುರಿಯಬೇಕಾದ್ದು 100 ಮಿ.ಲೀ. ಆಸುಪಾಸು ಮಾತ್ರ, ಉಳಿದ ಜಾಗ ಪರಿಮಳಕ್ಕೆ. 750 ಮಿ.ಲೀ. ಬಾಟಲಿ ಹೀಗೆ ಏಳು ಗ್ಲಾಸಾಗುತ್ತದೆ. ಶೇಕಡಾ 14ರ ಬಾಟಲಿಯೊಂದರಲ್ಲಿ ಸುಮಾರು 83 ಗ್ರಾಂ ಶುದ್ಧ ಆಲ್ಕೊಹಾಲ್ ಇರುತ್ತದೆ. ಐದಾರು ಮಂದಿ ಊಟದ ಜೊತೆ ಹಂಚಿಕೊಳ್ಳಲು ಅದು ಸರಿಯಾದ ಅಳತೆ.

ಮೊದಲು ಅಲುಗಿಸದೆ ಮೂಸಿ. ಗುಲಾಬಿ, ವಯೊಲೆಟ್ ಹೂವಿನಂಥ ಹಗುರ ಘಮಗಳು ಆಗ ಸಿಗುತ್ತವೆ. ಆಮೇಲೆ ಗ್ಲಾಸನ್ನು ತಿರುಗಿಸಿ ಮೂಸಿದರೆ ಟಾರು, ಒಣ ಹಣ್ಣು, ತಂಬಾಕು. ಮಾಗಿದ್ದಾದರೆ ತೊಗಲು, ಅಣಬೆ, ಟ್ರಫಲ್ ಎಂಬ ನೆಲದಡಿಯ ಘಮದ ಅಣಬೆ, ಕೆಲವು ಸೆರ್ರಾಲುಂಗಾ ಬಾಟಲಿಗಳಲ್ಲಿ ಪುದೀನದಂಥ ತಂಪು. ಗುಟುಕು ಸಣ್ಣದಿರಲಿ. ನುಂಗಿದ ಮೇಲೆ ಒಗರು ಎಲ್ಲಿ ಕೂತಿದೆ ಎಂಬುದನ್ನು ಗಮನಿಸಿ. ಬಾಯಿ ತುಂಬ ಸಮನಾಗಿ, ಪುಡಿಯಂತೆ ನಯವಾಗಿ ಹರಡಿದ್ದರೆ ಹಣ್ಣು ಚೆನ್ನಾಗಿ ಮಾಗಿತ್ತು. ಒಸಡಿನ ಒಂದೆಡೆ ಕಹಿಯಾಗಿ, ಹಸಿ ಕಡ್ಡಿ ಅಗಿದಂತೆ ಅನಿಸಿದರೆ ಬೀಜ ಮಾಗದೆ ಕೊಯ್ದಿದ್ದಾರೆ ಅಥವಾ ಹೊಸ ಮರದ ಒಗರು ಸೇರಿದೆ. ಅದು ವಯಸ್ಸಿನಿಂದಲೂ ಸುಲಭಕ್ಕೆ ಹೋಗುವುದಿಲ್ಲ.

ಊಟ

ಟ್ಯಾನಿನ್‌ಗೆ ಅಂಟಿಕೊಳ್ಳಲು ಪ್ರೋಟೀನ್ ಬೇಕು ಎಂದೆವಲ್ಲ; ತಟ್ಟೆಯಲ್ಲಿ ಪ್ರೋಟೀನೂ ಕೊಬ್ಬೂ ಇದ್ದರೆ ಅದು ನಾಲಿಗೆಯನ್ನು ಬಿಟ್ಟುಕೊಡುತ್ತದೆ. ಪಿಯೆಮಾಂಟೆಯ ಅಡುಗೆ ಪೂರ್ತಿ ಈ ಲೆಕ್ಕದ ಮೇಲೆ ಬೆಳೆದಂತಿದೆ. ಮೊಟ್ಟೆಯ ಹಳದಿ ಧಾರಾಳ ಹಾಕಿ ಕಲಸಿದ ‘ತಾಯರಿನ್’ ಎಂಬ ತೆಳು ಪಾಸ್ತಾಗೆ ಬೆಣ್ಣೆ ಅಥವಾ ಮಾಂಸದ ಸಾಸ್. ಮಾಂಸ ತುಂಬಿ ಚಿವುಟಿದ ಪುಟ್ಟ ‘ಆನ್ಯೊಲೊತ್ತಿ ದೆಲ್ ಪ್ಲಿನ್’. ಕೂನಿಯೊ ಜಿಲ್ಲೆಯ ಬೆಟ್ಟಗಳ ಕಾಸ್ತೆಲ್‌ಮಾನ್ಯೊ ಚೀಸು. ಅಕ್ಟೋಬರ್‌ನಿಂದ ಡಿಸೆಂಬರ್‌ವರೆಗೆ ಆಲ್ಬಾದ ಬಿಳಿ ಟ್ರಫಲ್ ಸಿಗುವ ಕಾಲದಲ್ಲಿ ಅದನ್ನು ತಾಯರಿನ್ ಮೇಲೆ ತೆಳುವಾಗಿ ಹೆರೆದು, 15 ವರ್ಷ ದಾಟಿದ ಬರೋಲೋ ಜೊತೆ ತಿನ್ನುವುದು ಲಾಂಗೆಯ ಅತ್ಯುತ್ತಮ ಊಟ ಎಂಬುದರಲ್ಲಿ ಸಂದೇಹವಿಲ್ಲ. ಎಳೆಯ ಬರೋಲೋ ಅಲ್ಲಿ ಟ್ರಫಲ್ಲಿನ ಘಮವನ್ನು ತುಳಿದುಹಾಕುತ್ತದೆ.

ಎಳೆಯದಕ್ಕೆ ಗಟ್ಟಿ ಜೋಡಿ ‘ಬ್ರಸಾತೊ ಅಲ್ ಬರೋಲೋ’. ಒಂದು ಕಿಲೋ ದನದ ಭುಜದ ಮಾಂಸವನ್ನು ಈರುಳ್ಳಿ, ಕ್ಯಾರೆಟ್, ಸೆಲರಿ, ರೋಸ್‌ಮೇರಿ, ಬೇ ಎಲೆ, ಎರಡು ಲವಂಗ, ಸಣ್ಣ ಚಕ್ಕೆ ತುಂಡಿನ ಜೊತೆ ಒಂದು ಬಾಟಲಿ ವೈನಿನಲ್ಲಿ 12 ಗಂಟೆ ನೆನೆಸಿ. ಮಾಂಸವನ್ನು ತೆಗೆದು ಚೆನ್ನಾಗಿ ಒರೆಸಿ ಬೆಣ್ಣೆಯಲ್ಲಿ ಎಲ್ಲ ಕಡೆ ಕೆಂಪಗೆ ಹುರಿಯಿರಿ. ಒದ್ದೆಯಿದ್ದರೆ ಹುರಿಯುವ ಬದಲು ಬೇಯುತ್ತದೆ. ಆಮೇಲೆ ತರಕಾರಿ, ವೈನು ಸೇರಿಸಿ, ಮುಚ್ಚಿ, ಕುದಿ ಕಾಣದಷ್ಟು ಸಣ್ಣ ಉರಿಯಲ್ಲಿ ಸುಮಾರು ಮೂರು ಗಂಟೆ. ಜೋರಾಗಿ ಕುದಿಸಿದರೆ ಮಾಂಸ ನಾರು ನಾರಾಗುತ್ತದೆ. ಹೆಸರಿನಲ್ಲಿ ಬರೋಲೋ ಇದ್ದರೂ ಪಾತ್ರೆಗೆ ಲಾಂಗೆ ನೆಬ್ಬಿಯೋಲೊ ಸಾಕು. ಬರೋಲೋದ ಪರಿಮಳ ಒಲೆಯ ಮೇಲೆ ಮೂರು ಗಂಟೆ ಉಳಿಯುವುದಿಲ್ಲ, ಅದನ್ನು ಗ್ಲಾಸಿಗೇ ಇಟ್ಟುಕೊಳ್ಳಿ.

ಮಾಂಸ ತಿನ್ನದವರಿಗೆ 24 ತಿಂಗಳಿಗೂ ಹೆಚ್ಚು ಮಾಗಿದ ಪಾರ್ಮಿಜಾನೊ ಚೀಸು, ಕಾಡು ಅಣಬೆ ಹಾಕಿದ ರಿಸೊತ್ತೊ ಎಂಬ ಅನ್ನದ ಖಾದ್ಯ, ಬೆಣ್ಣೆ ಮತ್ತು ಚೀಸು ಹಾಕಿದ ಪೊಲೆಂತಾ ಎಂಬ ಮೆಕ್ಕೆಜೋಳದ ಗಂಜಿ ಚೆನ್ನಾಗಿ ಹೊಂದುತ್ತವೆ. ಖಾರ ಬೇಡ: ಮೆಣಸಿನಕಾಯಿಯ ಉರಿ, ಆಲ್ಕೊಹಾಲ್, ಒಗರು ಮೂರೂ ಸೇರಿದರೆ ಬಾಯಿ ಸುಡುತ್ತದೆ. ಎಣ್ಣೆಯಂಶದ ಮೀನಿನ ಜೊತೆ ಲೋಹದ ರುಚಿ ಬರುತ್ತದೆ. ಸಿಹಿ ತಿಂದ ಮೇಲೆ ಬರೋಲೋ ಬರೀ ಹುಳಿ. ಸಿಹಿಯ ಹೊತ್ತಿಗೆ ಬರೋಲೋದ್ದೇ ಏನಾದರೂ ಬೇಕೆಂದರೆ ಸಿಂಕೋನಾ ತೊಗಟೆ, ಮಸಾಲೆ ಹಾಕಿ ಮಾಡಿದ ‘ಬರೋಲೋ ಕಿನಾತೊ’ ಇದೆ. ಕಪ್ಪು ಚಾಕೊಲೇಟಿಗೆ ಅದು ಹೇಳಿ ಮಾಡಿಸಿದ್ದು.

ಕೆಟ್ಟಿದೆಯೋ, ಸ್ವಭಾವವೋ

ಇಟ್ಟಿಗೆ ಬಣ್ಣದ ಅಂಚು ದೋಷವಲ್ಲ, ಆರೇಳು ವರ್ಷಕ್ಕೇ ಅದು ಬರುತ್ತದೆ. ಚೆನ್ನಾಗಿ ಕಂದಾಗಿ, ಕೊಳೆತ ಸೇಬಿನ ವಾಸನೆಯೂ ಇದ್ದರೆ ಗಾಳಿ ತಾಗಿ ಹಾಳಾಗಿದೆ. ಒದ್ದೆ ರಟ್ಟಿನ ವಾಸನೆ ಇದ್ದು ಹಣ್ಣಿನ ಸುಳಿವೇ ಇಲ್ಲದಿದ್ದರೆ ಕಾರ್ಕಿನಿಂದ ಬಂದ ಟಿಸಿಎ ಎಂಬ ರಾಸಾಯನಿಕ ಕಾರಣ. ಹಳೆಯ ಬಾಟಲಿಯ ಮುಗ್ಗಲು ಗಾಳಿಯಲ್ಲಿ ಕಡಿಮೆಯಾಗುತ್ತದೆ, ಇದು ಹೋಗುವುದಿಲ್ಲ, ಹೊತ್ತು ಕಳೆದಂತೆ ಇನ್ನೂ ಎದ್ದು ಕಾಣುತ್ತದೆ. ವ್ಯತ್ಯಾಸ ತಿಳಿಯಲು ಒಂದು ಗಂಟೆ ಕಾಯುವುದೇ ಪರೀಕ್ಷೆ. ಟಿಸಿಎ ಎಂದು ಖಚಿತವಾದರೆ ಕೊಂಡಲ್ಲಿಗೆ ಹಿಂದಿರುಗಿಸಿ, ಇಷ್ಟು ಬೆಲೆಯ ವೈನಿಗೆ ಕೇಳಲು ಸಂಕೋಚಪಡಬೇಕಿಲ್ಲ. ಕಾರ್ಕು ಬಾಯಿಯಿಂದ ಮೇಲೆದ್ದಿದ್ದು, ಪಕ್ಕದಲ್ಲಿ ಅಂಟು ಸೋರಿದ್ದು, ಬೇಯಿಸಿದ ಹಣ್ಣಿನ ರುಚಿ ಇದ್ದರೆ ಸಾಗಣೆಯಲ್ಲೋ ಅಂಗಡಿಯಲ್ಲೋ ಬಿಸಿಗೆ ಸಿಕ್ಕಿದೆ. ಬೆಂಕಿಕಡ್ಡಿ ಗೀರಿದಂಥ, ಮೊಟ್ಟೆಯಂಥ ವಾಸನೆ ಡಿಕ್ಯಾಂಟರಿನಲ್ಲಿ ಹೋಗುತ್ತದೆ. ಉಗುರುಬಣ್ಣದಂಥ ಚುರುಕು ವಾಸನೆ ಹಳೆಯ ಪದ್ಧತಿಯ ಬರೋಲೋದಲ್ಲಿ ಚೂರು ಇದ್ದರೆ ಪರಿಮಳವನ್ನು ಎತ್ತಿಕೊಡುತ್ತದೆ. ಬೇರೇನೂ ಮೂಗಿಗೆ ಬಾರದಷ್ಟಾದರೆ ಅದು ದೋಷವೇ.

ಉಳಿದದ್ದು

ಎಳೆಯ ಬರೋಲೋ ಉಳಿದರೆ ಬೇಸರ ಬೇಡ. ಸಣ್ಣ ಬಾಟಲಿಗೆ ಅಂಚಿನವರೆಗೆ ತುಂಬಿ, ಮುಚ್ಚಿ, ಫ್ರಿಜ್ಜಿನಲ್ಲಿ ಇಡಿ. ಕುಡಿಯುವ ಮುನ್ನ ಮುಕ್ಕಾಲು ಗಂಟೆ ಹೊರಗಿಟ್ಟು 16 ಡಿಗ್ರಿಗೆ ತನ್ನಿ. ಮೂರು ನಾಲ್ಕು ದಿನ ಇರುತ್ತದೆ, ಎರಡನೆಯ ದಿನ ಎಷ್ಟೋ ಸಲ ಮೊದಲ ದಿನಕ್ಕಿಂತ ಚೆನ್ನಾಗಿರುತ್ತದೆ. ಹಾಗೆ ಎರಡನೆಯ ದಿನ ಅರಳಿದ ವೈನಿನ ಇನ್ನೊಂದು ಬಾಟಲಿ ನಿಮ್ಮಲ್ಲಿದ್ದರೆ ಅದನ್ನು ಇನ್ನೂ ಐದು ವರ್ಷ ಧೈರ್ಯವಾಗಿ ಇಡಬಹುದು; ಎರಡನೆಯ ದಿನವೇ ಸಪ್ಪೆಯಾದರೆ ಬೇಗ ಮುಗಿಸಿ. 25 ವರ್ಷ ಮೀರಿದ್ದನ್ನು ಮಾತ್ರ ಮರುದಿನಕ್ಕೆ ಉಳಿಸಬೇಡಿ.